ತೂಗುವ ಒಲೆಯ ಮೇಲೆ ಮೋಕಾ



ಸಣ್ಣ ಹಾಯಿದೋಣಿಯಲ್ಲಿ ಒಳ್ಳೆಯ ಕಾಫಿ ಆಗುವುದಿಲ್ಲ ಅಂತ ಸಮುದ್ರದ ಮೇಲೆ ಓಡಾಡುವವರು ಬಹಳ ಮಂದಿ ಹೇಳುತ್ತಾರೆ. ದೋಣಿ ಹೊಯ್ದಾಡುತ್ತದೆ, ಟ್ಯಾಂಕಿನ ನೀರಿಗೆ ರುಚಿಯಿಲ್ಲ, ಪುಡಿಗೆ ತೇವ ಹಿಡಿಯುತ್ತದೆ, ಒಲೆ ನೋಡಿದರೆ ಎರಡೇ ಬರ್ನರು, ಅದೂ ಒತ್ತೊತ್ತಾಗಿ. ಕಾರಣಗಳಿಗೇನೂ ಕೊರತೆಯಿಲ್ಲ. ನಾನು ಸರಕು ಹಡಗುಗಳ ಎಂಜಿನ್ ಕೋಣೆಯಲ್ಲಿ ಉಗಿ, ಒತ್ತಡ, ವಾಲ್ವುಗಳ ಸಹವಾಸದಲ್ಲಿ ಹೊಟ್ಟೆ ಹೊರೆದವನು. ನಿವೃತ್ತಿಯಾದ ಮೇಲೆ ಇಟಲಿಯ ತ್ರಿಯೆಸ್ತೆ ಬಂದರಿನ ಸ್ನೇಹಿತರೊಬ್ಬರ ಪುಟ್ಟ ಹಾಯಿದೋಣಿಯಲ್ಲಿ ಆಗಾಗ ಕೆಲವು ದಿನ ಕಳೆಯುವ ಯೋಗ ಒದಗಿತು. ಚುಕ್ಕಾಣಿ ಅವರದು, ಅಡುಗೆ ಮೂಲೆಯ ಪಾರುಪತ್ಯ ನನ್ನದು. ಆ ಬಲದ ಮೇಲೆ ಹೇಳುತ್ತೇನೆ: ದೋಣಿಯ ಕಾಫಿಯನ್ನು ಕೆಡಿಸುವುದು ಒಲೆಯ ಉರಿ. ಸಮುದ್ರ ಕಾಫಿ ಚೆಲ್ಲೀತು, ಕೈ ಸುಟ್ಟೀತು. ಕಹಿ ಮಾಡುವವನು ಮಾತ್ರ ಒಲೆಯ ಮುಂದೆ ಅವಸರದಲ್ಲಿ ನಿಂತಿರುವ ಮನುಷ್ಯನೇ.

ಅಲ್ಲಿ ಕಾಫಿಗೆ ಬಳಸುವುದು ಮೋಕಾ ಪಾತ್ರೆ. ಎಂಟು ಮುಖ, ಸಣ್ಣ ನಡು, ಕಪ್ಪು ಹಿಡಿ, ಹೆಚ್ಚಾಗಿ ಅಲ್ಯೂಮಿನಿಯಂ. ನೀವೂ ನೋಡಿರುತ್ತೀರಿ, ಬೆಂಗಳೂರಿನ ದೊಡ್ಡ ಅಂಗಡಿಗಳಲ್ಲಿ ಈಗ ಸಿಗುತ್ತದೆ. ಇದರ ತವರು ಇಟಲಿಯ ವಾಯವ್ಯಕ್ಕಿರುವ ಪಿಯೆಮೊಂತೆ ಸೀಮೆಯ ಕ್ರುಸಿನಾಲ್ಲೊ, ಓರ್ತಾ ಸರೋವರದ ಹತ್ತಿರದ ಊರು. ಫ್ರಾನ್ಸಿನಲ್ಲಿ ಅಲ್ಯೂಮಿನಿಯಂ ಎರಕದ ಕೆಲಸ ಕಲಿತು ಬಂದ ಅಲ್ಫೊನ್ಸೊ ಬಿಯಾಲೆತ್ತಿಯ ಕಾರ್ಖಾನೆಯಿಂದ 1933ರಲ್ಲಿ ಇದು ಹೊರಬಂತು. ಮುಸೊಲಿನಿಯ ಕಾಲ, ಹೊರಗಿನ ಲೋಹ ಬೇಡ, ನಮ್ಮ ನೆಲದ ಬಾಕ್ಸೈಟಿನಿಂದಲೇ ಎಲ್ಲವೂ ಆಗಲಿ ಎಂಬ ಹಟವಿದ್ದ ಕಾಲ. ಹೆಂಗಸರು ಬಟ್ಟೆ ಬೇಯಿಸುವ ಹಂಡೆಯ ನಡುವಿನ ಕೊಳವೆಯಲ್ಲಿ ಸೋಪಿನ ನೀರು ಮೇಲಕ್ಕುಕ್ಕುವುದನ್ನು ಕಂಡು ಬಿಯಾಲೆತ್ತಿಗೆ ಈ ಉಪಾಯ ಹೊಳೆಯಿತು ಎಂದು ಒಂದು ಕಥೆಯಿದೆ. ಕಥೆ ಕಥೆಯೇ, ಆದರೆ ತತ್ತ್ವ ಅದೇ. ಯುದ್ಧ ಮುಗಿದ ಮೇಲೆ ಅವನ ಮಗ ರೆನಾತೊ ಈ ಪಾತ್ರೆಯನ್ನು ಇಟಲಿಯ ಮನೆಮನೆಗೂ ಮುಟ್ಟಿಸಿದ. ಬೆರಳೆತ್ತಿ ನಿಂತಿರುವ ಮೀಸೆಯ ಪುಟ್ಟ ಮನುಷ್ಯನ ಚಿತ್ರ ಆ ಪಾತ್ರೆಗೆ ಬಂದದ್ದು ಅವನ ಕಾಲದಲ್ಲೇ. 2016ರಲ್ಲಿ ರೆನಾತೊ ತೀರಿಕೊಂಡಾಗ ಅವನ ಚಿತಾಭಸ್ಮವನ್ನು ದೊಡ್ಡದೊಂದು ಮೋಕಾದಲ್ಲೇ ಇಟ್ಟು ಚರ್ಚಿನಲ್ಲಿ ಪ್ರಾರ್ಥನೆ ಸಲ್ಲಿಸಿದರು. ನಮ್ಮ ಕಡೆ ಹಿತ್ತಾಳೆಯ ಫಿಲ್ಟರಿಗೆ ಇಷ್ಟು ನಿಷ್ಠೆ ತೋರಿದವರ ಸುದ್ದಿ ನನ್ನ ಕಿವಿಗಂತೂ ಬಿದ್ದಿಲ್ಲ.

ಅಂಗಡಿಯವರು ಇದನ್ನು ಒಲೆಯ ಮೇಲಿನ ಎಸ್ಪ್ರೆಸೊ ಎಂದು ಮಾರುತ್ತಾರೆ. ಲೆಕ್ಕ ಹಿಡಿದು ನೋಡಿದರೆ ಅದು ಸರಿಯಲ್ಲ. ಹೋಟೆಲಿನ ಎಸ್ಪ್ರೆಸೊ ಯಂತ್ರ ನೀರನ್ನು ಸುಮಾರು 9 ಬಾರ್ ಒತ್ತಡದಲ್ಲಿ ಪುಡಿಯ ಮೂಲಕ ನೂಕುತ್ತದೆ. ಮೋಕಾದ ಒತ್ತಡ ಒಂದು, ಹೆಚ್ಚೆಂದರೆ ಒಂದೂವರೆ ಬಾರ್. ಆದ್ದರಿಂದ ಯಂತ್ರದ ಕಾಫಿಯ ಮೇಲೆ ನಿಲ್ಲುವ ಕಂದು ನೊರೆ ಇದರಲ್ಲಿ ನಿಲ್ಲುವುದಿಲ್ಲ. ನೊರೆಗಾಗಿ ಹಂಬಲಿಸುವವರಿಗೆ ಇಟಲಿಯ ಅಜ್ಜಿಯರ ಬಳಿ ಒಂದು ಉಪಾಯವುಂಟು. ಕಾಫಿಯ ಮೊದಲ ಕೆಲವು ಹನಿಗಳನ್ನು ಸಕ್ಕರೆಗೆ ಹಾಕಿ, ಚಮಚದಲ್ಲಿ ಬಿಳಿಚಿಕೊಳ್ಳುವವರೆಗೂ ಬಡಿದು, ಅದರ ಮೇಲೆ ಉಳಿದ ಕಾಫಿ ಸುರಿಯುವುದು. ದೋಣಿ ಲಂಗರು ಹಾಕಿ ನಿಂತಿದ್ದಾಗ ಮಾಡಬಹುದಾದ ಶೋಕಿ. ನನ್ನ ಮಟ್ಟಿಗೆ ಮೋಕಾದ ಕಾಫಿಯನ್ನು ಮೋಕಾದ ಕಾಫಿಯೆಂದೇ ಕುಡಿಯುವುದು ಸರಿ. ಗಟ್ಟಿಯಾಗಿ, ಎಣ್ಣೆಯಂಶ ಉಳಿಸಿಕೊಂಡು, ಚಿಕ್ಕ ಲೋಟಕ್ಕೆ ಹೇಳಿ ಮಾಡಿಸಿದ ಹಾಗೆ ಇರುತ್ತದೆ.

ಪಾತ್ರೆಯ ಒಳಗೆ ನಡೆಯುವುದೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೇ ನಿಂತಿದೆ. ನಮ್ಮ ಫಿಲ್ಟರಿನಲ್ಲಿ ಬಿಸಿನೀರು ತನ್ನ ಭಾರಕ್ಕೆ ತಾನೇ ಪುಡಿಯ ನಡುವೆ ಹನಿಹನಿಯಾಗಿ ಕೆಳಗಿಳಿಯುತ್ತದೆ. ನಾವು ಅದನ್ನು ಮುಚ್ಚಿಟ್ಟು ಸ್ನಾನಕ್ಕೆ ಹೋಗುತ್ತೇವೆ. ಮೋಕಾದಲ್ಲಿ ದಾರಿ ತಿರುವುಮುರುವು, ನೀರು ಕೆಳಗಿನಿಂದ ಮೇಲಕ್ಕೆ ಹತ್ತಬೇಕು. ತಳದ ಪಾತ್ರೆಯಲ್ಲಿ ನೀರು. ಅದರ ಪಕ್ಕಕ್ಕೆ ಒಂದು ಪುಟ್ಟ ಸೇಫ್ಟಿ ವಾಲ್ವ್. ನೀರಿನೊಳಕ್ಕೆ ಬಾಲ ಇಳಿಬಿಟ್ಟ ಲಾಳಿಕೆ, ಲಾಳಿಕೆಯ ತಲೆಯಲ್ಲಿ ಪುಡಿ ತುಂಬುವ ಬಟ್ಟಲು. ಮೇಲಿನ ಪಾತ್ರೆಯನ್ನು ತಿರುಪಿ ಬಿಗಿದರೆ ನಡುವೆ ಒಂದು ರಬ್ಬರ್ ಗ್ಯಾಸ್ಕೆಟ್ ಕೂತು ಎಲ್ಲವನ್ನೂ ಮುಚ್ಚುತ್ತದೆ. ಈಗ ತಳದಲ್ಲಿ ನೀರಿನ ಮೇಲೆ ಒಂದಿಷ್ಟು ಗಾಳಿ ಸಿಕ್ಕಿಕೊಂಡಿರುತ್ತದೆ. ಉರಿ ತಾಗಿದಾಗ ಆ ಗಾಳಿ ಹಿಗ್ಗುತ್ತದೆ, ನೀರಿನಿಂದ ಏಳುವ ಆವಿಯೂ ಅದರ ಜೊತೆ ಸೇರುತ್ತದೆ. ಎರಡೂ ಸೇರಿ ನೀರಿನ ನೆತ್ತಿಯನ್ನು ಒತ್ತುತ್ತವೆ, ನೀರಿಗೆ ಲಾಳಿಕೆಯ ಬಾಲದ ಹೊರತು ಬೇರೆ ದಾರಿಯಿಲ್ಲ. ಹೀಗಾಗಿ ನೀರು ಕುದಿಯುವುದಕ್ಕೆ ಎಷ್ಟೋ ಮೊದಲೇ ಮೇಲೇರತೊಡಗುತ್ತದೆ. ಮೊದಲು ಬರುವ ಕಾಫಿ ಕಡುಗಂದು, ದಪ್ಪ, ಸುವಾಸನೆಯೆಲ್ಲ ಅದರಲ್ಲೇ. ಹೋಗುತ್ತ ಹೋಗುತ್ತ ನೀರಿನ ಬಿಸಿ ಏರುತ್ತದೆ, ಬಣ್ಣ ತಿಳಿಯಾಗುತ್ತದೆ. ಕೊನೆಗೆ ತಳದ ನೀರು ಲಾಳಿಕೆಯ ಬಾಯಿಗಿಂತ ಕೆಳಗಿಳಿದ ಕ್ಷಣ ಬರೀ ಉಗಿ ನುಗ್ಗುತ್ತದೆ. ಗೊರಗೊರ ಎಂಬ ಸದ್ದು ಅದರದ್ದೇ. ಬಹಳ ಜನ ಆ ಸದ್ದು ಮುಗಿಯಲಿ ಎಂದು ಕಾಯುತ್ತಾರೆ. ಕಾಯುವಷ್ಟೂ ಹೊತ್ತು ಉಗಿ ಚರಟವನ್ನು ಬೇಯಿಸಿ ಅದರ ಒಗರನ್ನೆಲ್ಲ ಲೋಟಕ್ಕೆ ಇಳಿಸುತ್ತಿರುತ್ತದೆ.

ಎಂಜಿನ್ ಕೋಣೆಯವನ ಕಣ್ಣಿಗೆ ಇದೊಂದು ಪುಟ್ಟ ಬಾಯ್ಲರು, ಮತ್ತು ಬಾಯ್ಲರನ್ನು ಎಂದೂ ಒಮ್ಮೆಲೇ ಕಾಯಿಸುವುದಿಲ್ಲ. ಉರಿ ಜೋರಾದರೆ ನೀರು ತೀರಾ ಬಿಸಿಯಾಗಿ, ತೀರಾ ಬೇಗ ಪುಡಿಯನ್ನು ದಾಟುತ್ತದೆ, ಉಗಿಯ ಹಂತ ಉದ್ದವಾಗುತ್ತದೆ. ಸಾಲದ್ದಕ್ಕೆ ಪಾತ್ರೆಯ ಮೈಯೆಲ್ಲ ಕಾದು ಮೇಲೆ ಬಂದು ಕೂತ ಕಾಫಿಯೂ ಕುದಿಯುತ್ತದೆ. ಕುದಿದ ಕಾಫಿಯ ಗತಿ ನಿಮಗೆ ಗೊತ್ತೇ ಇದೆ.

ಈಗ ಇದನ್ನು ದೋಣಿಗೆ ತೆಗೆದುಕೊಂಡು ಹೋಗೋಣ.

ತ್ರಿಯೆಸ್ತೆ ಆಡ್ರಿಯಾಟಿಕ್ ಸಮುದ್ರದ ತುತ್ತತುದಿಯ ಊರು. 1719ರಲ್ಲಿ ಹ್ಯಾಬ್ಸ್‌ಬರ್ಗ್ ದೊರೆ ಆರನೆಯ ಚಾರ್ಲ್ಸ್ ಅದನ್ನು ಸುಂಕವಿಲ್ಲದ ಬಂದರು ಎಂದು ಸಾರಿದ ಮೇಲೆ ಕಾಫಿ ಮೂಟೆಗಳಿಗೆ ಅದು ಹೆಬ್ಬಾಗಿಲಾಯಿತು. ಫ್ರಾನ್ಚೆಸ್ಕೊ ‘ಇಲ್ಲಿ’ ಎಂಬ ಹೆಸರಿನವನು ತನ್ನ ಕಾಫಿ ಕಂಪನಿಯನ್ನು ತೆರೆದದ್ದು ಅಲ್ಲೇ, ಮೋಕಾ ಹುಟ್ಟಿದ 1933ರಲ್ಲೇ. ಊರಿಗೆ ಕಾಫಿಯಷ್ಟೇ ಹುಚ್ಚು ಹಾಯಿಯದ್ದು. ಪ್ರತಿ ವರ್ಷ ಅಕ್ಟೋಬರಿನ ಎರಡನೆಯ ಭಾನುವಾರ ಅಲ್ಲಿ ಬಾರ್ಕೊಲಾನಾ ಎಂಬ ದೋಣಿ ಪಂದ್ಯ. 1969ರಲ್ಲಿ ಸಣ್ಣದಾಗಿ ಶುರುವಾದದ್ದು. 2018ರಲ್ಲಿ 2,689 ದೋಣಿಗಳು ಒಂದೇ ಗೆರೆಯಿಂದ ಹೊರಟು ಗಿನ್ನೆಸ್ ದಾಖಲೆಯಾಯಿತು. ಅಂದು ಬೆಳಿಗ್ಗೆ ಆ ಕೊಲ್ಲಿಯ ಮೇಲೆ ಎಷ್ಟು ಮೋಕಾಗಳು ಗೊರಗೊರ ಎಂದಿರಬಹುದು, ನೀವೇ ಊಹಿಸಿ. ಇನ್ನೊಂದು ಹುಚ್ಚು ಅಲ್ಲಿನ ಗಾಳಿಯದು. ಹಿಂದಿನ ಕಾರ್ಸ್ತ್ ಪ್ರಸ್ಥಭೂಮಿಯಿಂದ ಜಾರಿ ಬರುವ ಒಣ, ಕೊರೆಯುವ ಈಶಾನ್ಯದ ಗಾಳಿ, ಹೆಸರು ಬೋರಾ. ಚಳಿಗಾಲದಲ್ಲಿ ಗಂಟೆಗೆ 100 ಕಿಲೋಮೀಟರ್ ದಾಟಿ ಬೀಸುತ್ತದೆ. ಹಿಂದೆಲ್ಲ ಜನ ಹಿಡಿದುಕೊಂಡು ನಡೆಯಲೆಂದು ಬೀದಿಯಂಚಿಗೆ ಹಗ್ಗ ಕಟ್ಟುತ್ತಿದ್ದರಂತೆ.

ಅಂಥ ಊರಿನ ದೋಣಿಯ ಅಡುಗೆ ಮೂಲೆ ಎಷ್ಟು ಸಣ್ಣದೆಂದರೆ, ಒಬ್ಬರು ನಿಂತರೆ ಎರಡನೆಯವರಿಗೆ ಜಾಗವಿಲ್ಲ. ಹಡಗಿನವರು ಗ್ಯಾಲಿ ಎನ್ನುತ್ತೇವೆ. ಎರಡು ಬರ್ನರಿನ ಗ್ಯಾಸ್ ಒಲೆ, ಅದರ ಕೆಳಗೆ ಪುಟ್ಟ ಓವನ್. ಒಲೆಯನ್ನು ಗಟ್ಟಿಯಾಗಿ ಕೂರಿಸಿರುವುದಿಲ್ಲ, ಎರಡು ಪಕ್ಕದ ಗೂಟಗಳ ಮೇಲೆ ತೂಗುಹಾಕಿರುತ್ತಾರೆ. ಗಿಂಬಲ್ ಎನ್ನುತ್ತಾರೆ. ಗಾಳಿಗೆ ದೋಣಿ ಒಂದು ಪಕ್ಕಕ್ಕೆ ವಾಲಿಕೊಂಡು ಓಡುವಾಗ ದೋಣಿಯೆಲ್ಲ ಓರೆ, ಒಲೆಯೊಂದೇ ನೆಟ್ಟಗೆ. ಮೊದಲ ಸಲ ನೋಡಿದವರಿಗೆ ಒಲೆಯೇ ವಾಲಿದಂತೆ ಕಾಣುತ್ತದೆ. ಬಂದರಿನಲ್ಲಿ ನಿಂತಾಗ ಅದನ್ನು ಚಿಲಕ ಹಾಕಿ ಬಿಗಿದಿಡಬೇಕು. ಹೊರಟ ಮೇಲೆ ಚಿಲಕ ತೆಗೆಯಬೇಕು. ಓವನ್ ಒಳಗೆ ಏನಾದರೂ ಭಾರದ ವಸ್ತು ಇಟ್ಟರೆ ತೂಗಾಟ ಇನ್ನೂ ನಿಧಾನ. ಆದರೆ ಒಲೆಯ ಮೇಲೆ ಪಾತ್ರೆಯಿರುವಾಗ ಓವನ್ ಬಾಗಿಲು ತೆರೆಯಬಾರದು, ಬಾಗಿಲಿನ ಭಾರಕ್ಕೆ ಒಲೆ ಮುಂದಕ್ಕೆ ಬಾಗುತ್ತದೆ.

ಈ ಗಿಂಬಲ್ ಪೂರ್ತಿ ಕಾಯುತ್ತದೆ ಎಂದು ನಂಬಿ ಕೂರಬೇಡಿ. ಅದು ಎಡಬಲದ ವಾಲಾಟವನ್ನು ಸರಿಪಡಿಸುತ್ತದೆ. ಮೂತಿ ಎದ್ದು ಬೀಳುವ ಹಿಂದುಮುಂದಿನ ಕುಣಿತಕ್ಕೆ ಅದರಲ್ಲಿ ಮದ್ದಿಲ್ಲ. ಮೋಕಾದ ಸ್ವಭಾವವೂ ಇಲ್ಲಿ ನಮಗೆ ವಿರೋಧ. ಎತ್ತರ ಜಾಸ್ತಿ, ತಳ ಕಿರಿದು. ಒಲೆಗಿಟ್ಟಾಗ ನೀರಿನ ಭಾರವೆಲ್ಲ ಕೆಳಗಿರುತ್ತದೆ, ಪಾತ್ರೆ ಭದ್ರವಾಗಿ ಕೂತಿರುತ್ತದೆ. ಕಾಫಿ ಆಗುತ್ತ ಬಂದಂತೆ ಆ ಭಾರ ಒಂದೊಂದೇ ಹನಿಯಾಗಿ ಮೇಲಿನ ಪಾತ್ರೆಗೆ ಏರುತ್ತದೆ. ಅಂದರೆ, ಕಾಫಿ ಸಿದ್ಧವಾದ ಗಳಿಗೆಯಲ್ಲೇ ಮೋಕಾಗೆ ಉರುಳುವ ಮನಸ್ಸು ಹೆಚ್ಚು. ಇದು ನನಗೆ ಎಷ್ಟು ಮುಖ್ಯವಾಗಿ ಕಂಡಿತೆಂದರೆ, ಕಾಫಿ ಇಳಿಸುವ ಸಮಯ ಬಂದಾಗ ನಾನು ಬೇರೆ ಯಾರ ಮಾತಿಗೂ ತಿರುಗಿ ನೋಡುವುದಿಲ್ಲ.

ಪಾತ್ರೆ ವಾಲಿದರೆ ಚೆಲ್ಲುವುದೊಂದೇ ತೊಂದರೆಯಲ್ಲ. ಲಾಳಿಕೆಯ ಬಾಲ ತಳಕ್ಕೆ ತಾಗುವುದಿಲ್ಲ, ಸ್ವಲ್ಪ ಮೇಲೆ ನಿಲ್ಲುತ್ತದೆ. ತಳದ ನೀರು ಕಡಿಮೆಯಾದಾಗ ಪಾತ್ರೆ ಒಂದು ಕಡೆ ಓರೆಯಾಯಿತೋ, ನೀರು ಆ ಮೂಲೆಗೆ ಓಡಿ ಬಾಲದ ಬಾಯಿ ಗಾಳಿಗೆ ತೆರೆದುಕೊಳ್ಳುತ್ತದೆ. ಆಗ ಉಗಿ ಹೊತ್ತಿಗೆ ಮೊದಲೇ ನುಗ್ಗುತ್ತದೆ. ಒಂದು ಉರುಳಿಗೆ ಉಗಿ, ಮರು ಉರುಳಿಗೆ ನೀರು, ಹೀಗೆ ಕೆಮ್ಮಿಕೊಂಡು ಕಾಫಿ ಬರುತ್ತದೆ. ಆಗಲೂ ಉರಿ ಸಣ್ಣದಾಗಿದ್ದರೆ ಹಾನಿ ಅಷ್ಟಿಲ್ಲ. ಉರಿ ಜೋರಾಗಿದ್ದರೆ ಮುಗಿಯಿತು.

ಒಲೆಯ ಮೇಲೆ ಪಾತ್ರೆಯನ್ನು ಹಿಡಿದಿಡಲು ಅಡ್ಡ ಕಂಬಿಗಳಿವೆ, ಎರಡು ಕಡೆಯಿಂದ ಒತ್ತಿ ತಿರುಪು ಬಿಗಿಯುವ ಕವಲುಗಳಿವೆ. ಅವೆಲ್ಲ ಅಗಲದ ಪಾತ್ರೆಗೆ ಮಾಡಿದವು. ಮೋಕಾದ ಕಿರಿದಾದ ತಳಕ್ಕೆ ಅವು ಸರಿಯಾಗಿ ಕಚ್ಚುವುದಿಲ್ಲ. ಬರ್ನರಿನ ಸ್ಟ್ಯಾಂಡಿನ ಕಾಲುಗಳ ನಡುವೆಯೇ ಅದು ಜಾರುವುದುಂಟು. ಇಟಲಿಯವರು ಇದಕ್ಕೆ ಕಬ್ಬಿಣದ ಒಂದು ಸಣ್ಣ ಜಾಲರಿ ಇಟ್ಟುಕೊಳ್ಳುತ್ತಾರೆ. ನನಗೆ ಅದಕ್ಕಿಂತ ಹಿಡಿಸಿದ್ದು ಅಂಚಿರುವ ಬೀಡುಕಬ್ಬಿಣದ ಸಣ್ಣ ಬಾಣಲೆ. ಕವಲುಗಳು ಬಾಣಲೆಯನ್ನು ಬಿಗಿಯಾಗಿ ಹಿಡಿಯುತ್ತವೆ, ಬಾಣಲೆಯ ಅಂಚು ಮೋಕಾವನ್ನು ಒಳಗೇ ನಿಲ್ಲಿಸಿಕೊಳ್ಳುತ್ತದೆ. ಉರಿ ನೇರವಾಗಿ ತಾಗದೆ ದಪ್ಪ ಕಬ್ಬಿಣದ ಮೂಲಕ ಹದವಾಗಿ ಏರುತ್ತದೆ, ಹಿಡಿಯೂ ಸುಟ್ಟು ಕರಗುವುದಿಲ್ಲ. ಹೊತ್ತು ಕೊಂಚ ಹೆಚ್ಚು ಹಿಡಿಯುತ್ತದೆ ನಿಜ. ಹಾಯಿದೋಣಿಯಲ್ಲಿ ಕೂತವನಿಗೆ ಎಲ್ಲಿಗೆ ಹೋಗುವ ಅವಸರ?

ಅಡುಗೆಯವನು ನಿಲ್ಲುವ ಜಾಗದ್ದೇ ಒಂದು ಶಾಸ್ತ್ರ. ಗಾಳಿಗೆ ದೋಣಿ ವಾಲಿ ಅಡುಗೆ ಮೂಲೆಯ ಕಡೆ ಮೇಲೆದ್ದಿದ್ದರೆ ನೀವು ಒಲೆಗಿಂತ ಇಳಿಜಾರಿನಲ್ಲಿ ನಿಂತಿರುತ್ತೀರಿ. ಪಾತ್ರೆ ಹಾರಿದರೆ ನೇರ ನಿಮ್ಮ ಮೈಮೇಲೆ. ಆ ಕಡೆ ತಗ್ಗಿದ್ದರೆ ನೀವೇ ಒಲೆಯ ಮೇಲೆ ಮುಗ್ಗರಿಸುತ್ತೀರಿ. ಎರಡನೆಯದಕ್ಕೆ ಒಲೆಯ ಮುಂದೆ ಅಡ್ಡಕ್ಕೆ ಗಟ್ಟಿ ಸರಳು ಹಾಕಿರುತ್ತಾರೆ. ಮೊದಲನೆಯದಕ್ಕೆ ಸೊಂಟದ ಹಿಂದೆ ಬರುವ ಅಗಲ ಪಟ್ಟಿ. ಅದಕ್ಕೆ ಒರಗಿ ನಿಂತರೆ ಎರಡೂ ಕೈ ಕೆಲಸಕ್ಕೆ ಸಿಗುತ್ತವೆ. ಸಾಧ್ಯವಾದಷ್ಟೂ ಒಲೆಗೆ ಎದುರು ನಿಲ್ಲದೆ ಪಕ್ಕಕ್ಕೆ ಸರಿದು ನಿಲ್ಲುವುದು ವಾಸಿ.

ನಾವೊಮ್ಮೆ ತ್ರಿಯೆಸ್ತೆಯಿಂದ ಸ್ಲೊವೇನಿಯಾದ ಪಿರಾನ್ ಕಡೆಗೆ ಹೊರಟಿದ್ದೆವು. ಬೋರಾ ಆಗಿನ್ನೂ ಮೈ ಮುರಿಯುತ್ತಿತ್ತು, ಬಿಸಿಲೂ ಇತ್ತು. ನಾನು ಅರ್ಧ ತೋಳಿನ ಅಂಗಿ, ಚಡ್ಡಿಯಲ್ಲಿ ಒಲೆ ಹಚ್ಚಲು ಕೆಳಗಿಳಿದೆ. ಮೇಲಿನಿಂದ ಸ್ನೇಹಿತರು ಕೂಗಿದರು: “ಎಂಜಿನಿಯರೇ, ಮೊದಲು ಪ್ಯಾಂಟು, ಆಮೇಲೆ ಕಾಫಿ!”

“ಬಿಸಿಲಿದೆಯಲ್ಲ ಮಾರಾಯರೇ,” ಅಂದೆ.

“ಬಿಸಿಲಿಗಲ್ಲ, ಬಿಸಿನೀರಿಗೆ.”

ಅವರು ಹೇಳಿದ್ದು ಮಳೆಗೆ ಹಾಕುವ, ಎದೆಯವರೆಗೂ ಬರುವ ರಬ್ಬರ್ ಮೈಯ ಪ್ಯಾಂಟು. ಕುದಿಯುವ ನೀರು ತೊಡೆಯ ಮೇಲೆ ಬಿದ್ದಾಗ ಹತ್ತಿ ಬಟ್ಟೆ ಅದನ್ನು ಹೀರಿ ಚರ್ಮಕ್ಕೆ ಅಂಟಿಸಿ ಹಿಡಿಯುತ್ತದೆ. ರಬ್ಬರಿನ ಮೇಲಿಂದ ಅದು ಜಾರಿ ಹೋಗುತ್ತದೆ. ದಡ, ಆಸ್ಪತ್ರೆ ಎರಡೂ ದೂರವಿರುವ ಕಡೆ ಸುಟ್ಟ ಗಾಯಕ್ಕಿಂತ ದೊಡ್ಡ ತಾಪತ್ರಯವಿಲ್ಲ. ಹಳೆಯ ನಾವಿಕರೆಲ್ಲ ಈ ಒಂದು ವಿಷಯದಲ್ಲಿ ಒಮ್ಮತದವರು. ನಾನು ಪ್ಯಾಂಟು ಏರಿಸಿಕೊಂಡೆ.

ಕೆಲಸದ ಕ್ರಮ ಹೀಗೆ. ತಳಕ್ಕೆ ವಾಲ್ವಿನ ಕೆಳಗಿನವರೆಗೆ ನೀರು. ವಾಲ್ವ್ ಮುಳುಗಬಾರದು, ಅದು ಉಸಿರಾಡಲು ಇಟ್ಟ ಮೂಗು. ಮೂರು ಕಪ್ಪಿನ ಮೋಕಾಗೆ ಸುಮಾರು 150 ಮಿಲಿಲೀಟರ್ ಹಿಡಿಯುತ್ತದೆ. ಇಲ್ಲಿ ಕಪ್ಪೆಂದರೆ ಇಟಲಿಯವರ ಗುಟುಕು ಕಪ್ಪು. ನಮ್ಮ ಲೆಕ್ಕದಲ್ಲಿ ಮೂರೂ ಸೇರಿ ಒಬ್ಬರಿಗೆ ಸಾಕು. ಬಟ್ಟಲಿಗೆ 15ರಿಂದ 18 ಗ್ರಾಂ ಪುಡಿ, ಅಂಚಿನ ಮಟ್ಟಕ್ಕೆ. ತಟ್ಟಿ ಸಮ ಮಾಡಿ, ಒತ್ತಬೇಡಿ. ಎಸ್ಪ್ರೆಸೊ ಯಂತ್ರದವರು ಒತ್ತುವುದನ್ನು ನೋಡಿ ಇಲ್ಲೂ ಒತ್ತುವವರುಂಟು. ಒಂದೂವರೆ ಬಾರ್ ಒತ್ತಡಕ್ಕೆ ಅಷ್ಟು ಗಟ್ಟಿ ಪುಡಿಯನ್ನು ದಾಟುವ ತ್ರಾಣವಿಲ್ಲ. ಪುಡಿಯೂ ತೀರಾ ನುಣ್ಣಗಿರಬಾರದು, ಬೆರಳಲ್ಲಿ ಉಜ್ಜಿದರೆ ಕಣ ಕೈಗೆ ಸಿಗಬೇಕು. ಮತ್ತೆ, ಅರ್ಧ ನೀರು ಅರ್ಧ ಪುಡಿ ಹಾಕಿ ಅರ್ಧ ಕಾಫಿ ಮಾಡುವ ಉಳಿತಾಯ ಮೋಕಾದಲ್ಲಿ ನಡೆಯುವುದಿಲ್ಲ. ಒಳಗಿನ ಗಾಳಿಯ ಪಾಲು ಹೆಚ್ಚಿ, ಪುಡಿಯ ಪದರ ತೆಳುವಾಗಿ ಎಲ್ಲ ಲೆಕ್ಕ ತಪ್ಪುತ್ತದೆ. ಕಡಿಮೆ ಕಾಫಿ ಸಾಕೆಂದರೆ ಸಣ್ಣ ಮೋಕಾ ಕೊಳ್ಳಿ.

ತಳಕ್ಕೆ ಹಾಕುವ ನೀರು ತಣ್ಣಗಿರಬೇಕೋ ಬಿಸಿ ಇರಬೇಕೋ ಎಂಬ ವಾದ ಈಚೆಗೆ ಜೋರಾಗಿದೆ. ಮೊದಲೇ ಕಾಯಿಸಿದ ನೀರು ಹಾಕಿದರೆ ಪುಡಿ ಪಾತ್ರೆಯ ಮೇಲೆ ಕೂತು ಬೇಯುವ ಹೊತ್ತು ಕಡಿಮೆ ಎನ್ನುವುದು ಒಂದು ಪಕ್ಷ. ಇಟಲಿಯ ಮನೆಗಳಲ್ಲಿ ತಣ್ಣೀರೇ. ದಡದಲ್ಲಿ ನಾನು ಮೊದಲ ಪಕ್ಷದವನು, ನೀರಿನ ಮೇಲೆ ಎರಡನೆಯದಕ್ಕೆ ಸೇರುತ್ತೇನೆ. ಏಕೆಂದರೆ ಕುದಿನೀರು ತುಂಬಿದ ತಳವನ್ನು ಬಟ್ಟೆಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಮೇಲಿನ ಪಾತ್ರೆ ತಿರುಪಿ ಬಿಗಿಯುವುದಕ್ಕೆ ಎರಡು ಕೈ ಬೇಕು, ದೋಣಿ ಹೊಯ್ದಾಡುವಾಗ ಮೂರನೆಯದು ಆಸರೆಗೆ ಬೇಕು. ತಣ್ಣೀರು, ಸಣ್ಣ ಉರಿ. ರುಚಿಯಲ್ಲಿ ಕೂದಲೆಳೆಯಷ್ಟು ಕಳೆದುಕೊಂಡರೂ ಚಿಂತೆಯಿಲ್ಲ.

ದಡದಲ್ಲಿ ಮುಚ್ಚಳ ತೆರೆದಿಟ್ಟು, ನಡುವಿನ ಕೊಳವೆಯಿಂದ ಮೊದಲ ಎಳೆ ಬರುವುದನ್ನು ಕಣ್ಣಲ್ಲಿ ನೋಡಿ ಉರಿ ತಗ್ಗಿಸಬಹುದು. ಸಮುದ್ರದಲ್ಲಿ ಮುಚ್ಚಳ ತೆರೆದಿಡುವಂತಿಲ್ಲ. ಆದ್ದರಿಂದ ಕಿವಿ ಮತ್ತು ಮೂಗು. ಮೊದಲು ತಳದಲ್ಲಿ ಸಣ್ಣ ಚಟಪಟ. ಆಮೇಲೆ ಒಂದು ಕ್ಷಣ ಮೌನ. ಅಷ್ಟರಲ್ಲಿ ಘಮ ಏರುತ್ತದೆ, ಕಾಫಿ ಬರುತ್ತಿದೆಯೆಂದರ್ಥ. ಉರಿಯನ್ನು ಇನ್ನೂ ಇಳಿಸಿ. ಈ ಹಂತದಲ್ಲಿ ಸದ್ದು ಬಹಳ ಮೆತ್ತಗೆ, ಎಂಜಿನ್ ಓಡುತ್ತಿದ್ದರೆ ಕೇಳಿಸುವುದೇ ಇಲ್ಲ. ಮೊದಲ ಗೊರ ಎಂದ ತಕ್ಷಣ, ಮೊದಲ ಗೊರಕ್ಕೇ, ಪಾತ್ರೆ ಎತ್ತಿ. ಎತ್ತಿ ಇಡಬೇಕಾದದ್ದು ಸಿಂಕಿನಲ್ಲಿ, ಒದ್ದೆ ಬಟ್ಟೆಯ ಮೇಲೆ. ತಳ ತಣ್ಣಗಾಗಿ ಒತ್ತಡ ಇಳಿಯುತ್ತದೆ, ಉಗಿ ನಿಲ್ಲುತ್ತದೆ. ಈ ಒದ್ದೆ ಬಟ್ಟೆಯನ್ನು ಸಮುದ್ರದ ನೀರಲ್ಲಿ ನೆನೆಸುವ ಉಳಿತಾಯ ಬುದ್ಧಿ ಎಲ್ಲರಿಗೂ ಬರುತ್ತದೆ. ಅಲ್ಯೂಮಿನಿಯಂಗೆ ಉಪ್ಪು ಕಂಡರಾಗದು. ಕೆಲವೇ ವಾರಗಳಲ್ಲಿ ಮೈಯೆಲ್ಲ ಬಿಳಿ ಹುಣ್ಣು, ಸಣ್ಣ ಗುಳಿ. ಉಪ್ಪು ನೀರೇ ಗತಿಯೆನ್ನುವ ದೋಣಿಯಲ್ಲಿ ಸ್ಟೀಲ್ ಮೋಕಾ ಇಟ್ಟುಕೊಳ್ಳುವುದು ಲೇಸು. ಅದರ ತಳವೂ ಸಾಮಾನ್ಯವಾಗಿ ಅಗಲ.

ಸುರಿಯುವುದೂ ಸಿಂಕಿನಲ್ಲೇ. ಲೋಟವನ್ನು ಕೈಯಲ್ಲಿ ಹಿಡಿದು ಸುರಿಯುವ ಅಭ್ಯಾಸ ದಡದಲ್ಲೇ ಬಿಟ್ಟು ಬನ್ನಿ. ಲೋಟಗಳನ್ನು ಸಿಂಕಿನೊಳಗೆ ಒತ್ತಾಗಿ ನಿಲ್ಲಿಸಿ, ಅರ್ಧಕ್ಕಿಂತ ಹೆಚ್ಚು ತುಂಬದೆ ಸುರಿದರೆ ಚೆಲ್ಲಿದ್ದೂ ಸಿಂಕಿಗೇ ಹೋಗುತ್ತದೆ. ನಾನು ಊರಿಂದ ಲೋಟ, ದಾವರ ಕೊಂಡೊಯ್ದಿದ್ದೆ. ಸ್ನೇಹಿತರು ಮೊದಲು ನಕ್ಕರು. ಚೆಲ್ಲಿದ ಕಾಫಿಯೆಲ್ಲ ದಾವರದಲ್ಲೇ ಉಳಿಯುವುದನ್ನು ಕಂಡ ಮೇಲೆ ಒಂದು ಜೊತೆ ತಮಗೂ ಬೇಕೆಂದರು.

ಗ್ಯಾಸಿನ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ. ಮನೆಯಲ್ಲಿ ಸೋರಿದರೆ ನೆಲದ ಮೇಲೆ ಹರಡಿ ಬಾಗಿಲಿನಿಂದ ಹೊರಹೋಗಲು ದಾರಿಯಿದೆ. ದೋಣಿಯೆಂದರೆ ಮುಚ್ಚಿದ ತೊಟ್ಟಿ. ಸೋರಿದ ಗ್ಯಾಸು ತಳದಲ್ಲಿ ಮಡುಗಟ್ಟಿ ನಿಲ್ಲುತ್ತದೆ, ಎಂಜಿನ್ ಶುರುಮಾಡುವ ಒಂದು ಕಿಡಿಗೆ ಕಾಯುತ್ತದೆ. ಅದಕ್ಕೇ ಸಿಲಿಂಡರನ್ನು ಒಳಗಿಡದೆ, ಸಮುದ್ರಕ್ಕೆ ತೂತಿರುವ ಪ್ರತ್ಯೇಕ ಗೂಡಿನಲ್ಲಿಡುತ್ತಾರೆ. ಕಾಫಿ ಆದ ಮೇಲೆ ಮೊದಲು ಸಿಲಿಂಡರಿನ ವಾಲ್ವ್ ಮುಚ್ಚಿ, ಕೊಳವೆಯಲ್ಲಿ ಉಳಿದ ಗ್ಯಾಸನ್ನು ಉರಿಸಿ ಮುಗಿಸಿ, ಆಮೇಲೆ ಒಲೆಯ ಗುಂಡಿ ತಿರುಗಿಸುವುದು ಒಳ್ಳೆಯ ರೂಢಿ. ಸ್ಪಿರಿಟ್ ಒಲೆಯ ದೋಣಿಗಳೂ ಇವೆ. ಅದರ ಉರಿ ಹಗಲಲ್ಲಿ ಕಣ್ಣಿಗೇ ಕಾಣುವುದಿಲ್ಲ, ಜೊತೆಗೆ ನಿಧಾನ. ಆ ನಿಧಾನ ಮೋಕಾಗೆ ಒಗ್ಗುತ್ತದೆ ಎಂಬುದು ಬೇರೆ ಮಾತು. ಯಾವ ಒಲೆಯಾದರೂ ಮೇಲಿನ ಕಿಂಡಿಯನ್ನು ಕೊಂಚ ತೆರೆದೇ ಇಡಿ. ಚಳಿಗೆ ಹೆದರಿ ಎಲ್ಲ ಮುಚ್ಚಿಕೊಂಡರೆ ಕಾರ್ಬನ್ ಮೊನಾಕ್ಸೈಡ್ ತುಂಬಿಕೊಳ್ಳಬಹುದು, ಅದಕ್ಕೆ ವಾಸನೆಯಿಲ್ಲ.

ಇನ್ನು ಪುಡಿ. ಇಲ್ಲಿ ನಮ್ಮ ನಾಡಿನ ಪಾತ್ರ ಬರುತ್ತದೆ. ಭಾರತದ ಕಾಫಿಯಲ್ಲಿ ಸುಮಾರು ಶೇಕಡ 70 ಕರ್ನಾಟಕದ್ದು, ಕೊಡಗು, ಚಿಕ್ಕಮಗಳೂರು, ಹಾಸನಗಳದ್ದು. ಆ ಕಾಫಿಯನ್ನು ಕೊಳ್ಳುವ ಹೊರದೇಶಗಳಲ್ಲಿ ಇಟಲಿ ಎಷ್ಟೋ ಕಾಲದಿಂದ ಮೊದಲ ಸಾಲಿನಲ್ಲಿದೆ. ಅವರ ಮಿಶ್ರಣಗಳಲ್ಲಿ ಮೈತುಂಬುವುದಕ್ಕೆ, ನೊರೆಗೆ ನಮ್ಮ ರೋಬಸ್ಟಾ. ತ್ರಿಯೆಸ್ತೆಯ ಧಕ್ಕೆಯಲ್ಲಿ ಕೂತು ಕುಡಿದ ಗುಟುಕಿನಲ್ಲಿ ಸಿದ್ಧಾಪುರದ ತೋಟದ ಪಾಲೂ ಇದ್ದಿರಬಹುದು. ಆದರೆ ನಮ್ಮ ಅಂಗಡಿಯ ಚಿಕೋರಿ ಬೆರೆತ ಪುಡಿಯನ್ನು ಮೋಕಾಗೆ ಹಾಕಬೇಡಿ. ಚಿಕೋರಿ ನೀರನ್ನು ತಡೆದು ಹಿಡಿಯುತ್ತದೆ. ಫಿಲ್ಟರಿನಲ್ಲಿ ಡಿಕಾಕ್ಷನ್ ಗಟ್ಟಿಯಾಗಲು ಆ ಗುಣ ಬೇಕು, ಮೋಕಾದಲ್ಲಿ ಅದೇ ದಾರಿ ಕಟ್ಟುತ್ತದೆ.

ಸಮುದ್ರದ ತೇವ ಪುಡಿಗೆ ಶತ್ರು. ಬೀಜಕ್ಕೆ ಅದು ಹಾಗಲ್ಲ ಎಂಬುದಕ್ಕೆ ನಮ್ಮ ಮಂಗಳೂರೇ ಸಾಕ್ಷಿ. ಹಾಯಿ ಹಡಗಿನ ಕಾಲದಲ್ಲಿ ಮಲಬಾರ್ ಕರಾವಳಿಯಿಂದ ಹೊರಟ ಕಾಫಿ ಆಫ್ರಿಕಾದ ತುದಿ ಸುತ್ತಿ ಯುರೋಪು ಸೇರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಮರದ ಹಡಗಿನ ಹೊಟ್ಟೆಯಲ್ಲಿ ಉಪ್ಪುಗಾಳಿ ಕುಡಿದು ಹಸಿರು ಬೀಜ ಉಬ್ಬಿ, ಹೊಂಬಣ್ಣಕ್ಕೆ ತಿರುಗಿ, ಹುಳಿ ಕಳೆದುಕೊಳ್ಳುತ್ತಿತ್ತು. ಅಲ್ಲಿನವರ ನಾಲಗೆ ಅದಕ್ಕೇ ಒಗ್ಗಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಹಬೆ ಹಡಗುಗಳು ಬಂದವು, ಪ್ರಯಾಣ ಚಿಕ್ಕದಾಯಿತು. ಬೀಜ ಹಸಿರಾಗಿಯೇ ಹೋಗಿ ಇಳಿಯತೊಡಗಿದಾಗ ಆ ಹಳೆಯ ರುಚಿ ಎಲ್ಲಿ ಎಂದು ಕೇಳಿದರು. ಅದಕ್ಕೆ ಇಲ್ಲಿ ಕಂಡುಕೊಂಡ ಉತ್ತರವೇ ಮಾನ್ಸೂನ್ಡ್ ಮಲಬಾರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಕರಾವಳಿಯ ಗೋದಾಮುಗಳ ಪಕ್ಕಗಳನ್ನು ತೆರೆದಿಟ್ಟು, ಬೀಜವನ್ನು ನೆಲದ ಮೇಲೆ ಹರಡಿ, ಮುಂಗಾರಿನ ಗಾಳಿಗೆ ಒಡ್ಡಿ, ಕೈಯಾಡಿಸಿ, ಮೂಟೆ ಕಟ್ಟಿ, ಬಿಚ್ಚಿ ಮತ್ತೆ ಕಟ್ಟುತ್ತಾರೆ. ಹುಳಿ ಕಡಿಮೆ, ಮೈ ದಪ್ಪ. ನನ್ನ ನಾಲಗೆಗೆ ಮೋಕಾದಲ್ಲಿ ಇದಕ್ಕಿಂತ ಚೆನ್ನಾದದ್ದು ಸಿಕ್ಕಿಲ್ಲ, ಮತ್ತು ಈ ಅಭಿಪ್ರಾಯದಲ್ಲಿ ಊರಿನ ಅಭಿಮಾನ ಸೇರಿಲ್ಲವೆಂದು ಆಣೆ ಮಾಡಲಾರೆ.

ಹುರಿದು ಪುಡಿ ಮಾಡಿದ ಮೇಲೆ ಮಾತ್ರ ಒಂದು ಹನಿ ತೇವವೂ ತಾಗಬಾರದು. ದೊಡ್ಡ ಪೊಟ್ಟಣ ಒಡೆಯುವುದಕ್ಕಿಂತ ಗಾಳಿಯಾಡದ ಸಣ್ಣ ಡಬ್ಬಿಗಳು ಉತ್ತಮ. ಬೀಜವನ್ನೇ ಒಯ್ದು ಕೈಗಿರಣಿಯಲ್ಲಿ ಬೇಕಾದಷ್ಟೇ ಪುಡಿ ಮಾಡಿಕೊಂಡರೆ ಇನ್ನೂ ಉತ್ತಮ. ರಾತ್ರಿ ಪಾಳಿಯವನಿಗೆ ನಿದ್ದೆ ತಡೆಯಲು ಗಿರಣಿ ತಿರುಗಿಸುವ ಕೆಲಸ ಕೊಟ್ಟರೆ ಎರಡೂ ಆಯಿತು. ಟ್ಯಾಂಕಿನ ನೀರಿಗೆ ಕ್ಲೋರಿನ್ನಿನ, ಪ್ಲಾಸ್ಟಿಕ್ಕಿನ ವಾಸನೆ ಇರುವುದರಿಂದ ಕಾಫಿಗೆಂದು ಬಾಟಲಿ ನೀರು ಬೇರೆ ಇಡುತ್ತಿದ್ದೆವು.

ತೊಳೆಯಲು ಹೆಚ್ಚು ನೀರು ಬೇಡದಿರುವುದು ಮೋಕಾದ ದೊಡ್ಡ ಪುಣ್ಯ. ಬಟ್ಟಲಿನ ಚರಟ ಒಂದೇ ಬಿಲ್ಲೆಯಾಗಿ ತಟ್ಟಿದರೆ ಉದುರುತ್ತದೆ. ಮೋಕಾಗೆ ಸೋಪು ಮುಟ್ಟಿಸಬಾರದು ಎಂದು ಇಟಲಿಯವರು ಮಡಿ ಮಾಡುತ್ತಾರೆ. ಹಳೆಯ ಎಣ್ಣೆ ಕಮಟು ಹಿಡಿಯುವವರೆಗೆ ಬಿಡುವುದು ನನಗೆ ಒಪ್ಪಿಗೆಯಿಲ್ಲ, ಆದರೆ ನೀರು ಅಳೆದು ಬಳಸುವ ದೋಣಿಯಲ್ಲಿ ಬಿಸಿನೀರಲ್ಲಿ ಬೆರಳಾಡಿಸಿ, ಬಿಚ್ಚಿ ಒಣಗಿಸಿದರೆ ಸಾಕು. ಚರಟವನ್ನು ಸಿಂಕಿಗೆ ಹಾಕಿದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಸಮುದ್ರಕ್ಕೆ ಎಸೆಯೋಣವೆಂದರೆ, ಮೆಡಿಟರೇನಿಯನ್‌ಗೆ ಹಡಗು ಮಾಲಿನ್ಯದ ಮಾರ್ಪೋಲ್ ಒಪ್ಪಂದದಲ್ಲಿ ವಿಶೇಷ ವಲಯದ ಸ್ಥಾನವಿದೆ. ಆಹಾರದ ಕಸವನ್ನು ಪುಡಿ ಮಾಡಿದ್ದರೂ ದಡದಿಂದ 12 ನಾಟಿಕಲ್ ಮೈಲಿಯ ಆಚೆಗೇ ಬಿಡಬೇಕು. ತ್ರಿಯೆಸ್ತೆಯ ಇಕ್ಕಟ್ಟಾದ ಕೊಲ್ಲಿಯಲ್ಲಿ ಅಷ್ಟು ದೂರ ಹೋಗುವಷ್ಟರಲ್ಲಿ ಇನ್ನೊಂದು ದಡವೇ ಬಂದಿರುತ್ತದೆ. ಹಾಗಾಗಿ ಮುಚ್ಚಳವಿರುವ ಒಂದು ಡಬ್ಬಿಗೆ ತುಂಬಿ, ಬಂದರು ಸೇರಿದ ಮೇಲೆ ಕಸದ ತೊಟ್ಟಿಗೆ.

ದೋಣಿಗೆ ಮೋಕಾ ಒಯ್ಯುವವರು ಅದೇ ಅಳತೆಯ ಎರಡು ಗ್ಯಾಸ್ಕೆಟ್ ಹೆಚ್ಚಿಗೆ ಇಟ್ಟುಕೊಳ್ಳಿ. ಹಳೆಯದು ಒಣಗಿ ಬಿರಿದರೆ ಉಗಿ ಪಕ್ಕದಿಂದ ಸೋರುತ್ತದೆ, ಮೇಲೆ ಕಾಫಿ ಬರುವುದಿಲ್ಲ, ಮತ್ತು ಆ ರಬ್ಬರ್ ಬಳೆ ಯಾವ ದ್ವೀಪದ ಅಂಗಡಿಯಲ್ಲೂ ನಿಮ್ಮ ಅಳತೆಗೆ ಸಿಗುವುದಿಲ್ಲ.